ಮನೋರೋಗ ಚಿಕಿತ್ಸೆಗೆ ದಾಖಲಾಗುವ ಮುನ್ನ: ಆರೋಗ್ಯವಾಗಿದ್ದಾಗಲೇ ಮಾಡಿಕೊಳ್ಳುವ ಸಿದ್ಧತೆ

“ನನಗೆ ಮತ್ತೆ ಕಾಯಿಲೆ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ…” ಎಂದು ಮನೆಯಲ್ಲಿ ಯಾರಾದರೂ ಮಾತು ತೆಗೆದರೆ ಸಾಕು, ಅದು ಮುಗಿಯುವ ಮೊದಲೇ ಹಿರಿಯರು “ಬಿಡ್ತು ಅನ್ನು” ಎನ್ನುತ್ತಾರೆ. ಆಡಿದ್ದು ನಿಜವಾಗಿಬಿಟ್ಟೀತೆಂಬ ಹೆದರಿಕೆ ಅದು. ಅದರ ಹಿಂದಿರುವುದು ಪ್ರೀತಿಯೇ. ಆದರೆ ಹೆರಿಗೆಗೆ ತಿಂಗಳಿರುವಾಗಲೇ ಆಸ್ಪತ್ರೆಯ ಚೀಲ ಸಿದ್ಧ ಮಾಡುತ್ತೇವೆ, ಮಳೆ ಹಿಡಿಯುವ ಮುಂಚೆ ಸೌದೆ ಕೂಡಿಡುತ್ತೇವೆ. ಮನಸ್ಸಿನ ಕಾಯಿಲೆಯ ವಿಷಯಕ್ಕೆ ಬಂದಾಗ ಮಾತ್ರ ಆ ದಿನದ ಮಾತೇ ಬೇಡವೆನ್ನುತ್ತೇವೆ.

ಬೈಪೋಲಾರ್ ಕಾಯಿಲೆ, ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆ ಹಲವರಲ್ಲಿ ಮರುಕಳಿಸುತ್ತವೆ. ಮರುಕಳಿಸಿದಾಗ ಕೆಲವರಿಗೆ ಕೆಲವು ದಿನಗಳ ಅಥವಾ ವಾರಗಳ ಆಸ್ಪತ್ರೆವಾಸ ಬೇಕಾಗುತ್ತದೆ. ಯಾವ ಆಸ್ಪತ್ರೆ, ಯಾವ ಔಷಧ, ಜೊತೆಗೆ ಯಾರು, ಮಕ್ಕಳು ಯಾರ ಹತ್ತಿರ ಎಂಬ ನಿರ್ಧಾರಗಳೆಲ್ಲ ಆಗ ಗಡಿಬಿಡಿಯಲ್ಲಿ, ಬಹುಪಾಲು ಬೇರೆಯವರಿಂದಲೇ ಆಗುತ್ತವೆ. ಕಾಯಿಲೆಯನ್ನು ಒಳಗಿನಿಂದ ಬಲ್ಲವರು ಅದನ್ನು ಅನುಭವಿಸಿದವರು. ಅವರ ತಿಳಿವಳಿಕೆ ಆ ದಿನ ಉಪಯೋಗಕ್ಕೆ ಬರಬೇಕಾದರೆ ಮನಸ್ಸು ತಿಳಿಯಾಗಿರುವಾಗಲೇ ಅದನ್ನು ಬರೆದಿಟ್ಟಿರಬೇಕು. ಹಾಗೆ ಬರೆದಿಟ್ಟ ಮಾತಿಗೆ ನಮ್ಮ ದೇಶದಲ್ಲಿ ಕಾನೂನಿನ ಬಲವೂ ಇದೆ.

## ಕಾನೂನು ನಡೆದುಬಂದ ದಾರಿ

ಬ್ರಿಟಿಷರ ಕಾಲದ 1912ರ ಕಾಯ್ದೆಯ ಹೆಸರಿನಲ್ಲೇ ಹುಚ್ಚು ಎಂಬ ಅರ್ಥದ ಪದವಿತ್ತು. ಸ್ವಾತಂತ್ರ್ಯ ಬಂದು ದಶಕಗಳಾದರೂ ಅದೇ ಜಾರಿಯಲ್ಲಿತ್ತು. ಅದರ ಜಾಗಕ್ಕೆ ಬಂದದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆ. ಇಬ್ಬರು ವೈದ್ಯರ ಪ್ರಮಾಣಪತ್ರವಿದ್ದರೆ ಸಂಬಂಧಿಕರ ಕೋರಿಕೆಯ ಮೇಲೆ, ರೋಗಿಯ ಒಪ್ಪಿಗೆಯಿಲ್ಲದೆ, 90 ದಿನಗಳವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲು ಅದರಲ್ಲಿ ಅವಕಾಶವಿತ್ತು.

ಆ ಕಾಯ್ದೆ ಜಾರಿಯಲ್ಲಿದ್ದಾಗಲೇ, 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಒಂದು ಕೇಂದ್ರಕ್ಕೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಜನ ಸತ್ತರು. ದೇಶ ಆ ದಿನ ತಲೆತಗ್ಗಿಸಿತು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿದ ಮೇಲೆ ಕಾನೂನನ್ನೇ ಬದಲಿಸುವುದು ಅನಿವಾರ್ಯವಾಯಿತು. ಹೀಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಂದು ಜಾರಿಗೆ ಬಂತು. ಮನೋರೋಗಿಗೂ ತನ್ನ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಾಮರ್ಥ್ಯವಿದೆ ಎಂದು ಭಾವಿಸಿಯೇ ಹೊರಡಬೇಕು, ಇಲ್ಲವೆನ್ನುವವರು ಅದನ್ನು ಪರೀಕ್ಷಿಸಿ ತೋರಿಸಬೇಕು ಎಂಬುದು ಇದರ ಮೂಲ ನಿಲುವು.

## ದಾಖಲಾತಿಯ ಬಗೆಗಳು

ಸಿದ್ಧತೆಗೆ ಕೂರುವ ಮೊದಲು ಆಸ್ಪತ್ರೆಯ ಬಾಗಿಲು ಯಾವ ಯಾವ ರೀತಿಯಲ್ಲಿ ತೆರೆಯುತ್ತದೆ ಎಂಬುದು ಗೊತ್ತಿರಬೇಕು.

ಮೊದಲನೆಯದು ಸ್ವತಂತ್ರ ದಾಖಲಾತಿ. ರೋಗಿ ತಾನೇ ಕೇಳಿ, ತಾನೇ ಸಹಿ ಹಾಕಿ ಸೇರುವುದು. ಸಾಧ್ಯವಾದಷ್ಟೂ ದಾಖಲಾತಿಗಳು ಹೀಗೇ ಆಗಬೇಕೆಂಬುದು ಕಾಯ್ದೆಯ ಆಶಯ. ಹೀಗೆ ಸೇರಿದವರಿಗೆ ಅವರ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಕೊಡುವಂತಿಲ್ಲ. ಮನೆಗೆ ಹೋಗುತ್ತೇನೆಂದರೆ ಕಳಿಸಬೇಕು. ಅಪಾಯವಿದೆ ಎಂದು ಕಂಡರೆ ಮಾತ್ರ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು.

ಎರಡನೆಯದು ಹೆಚ್ಚಿನ ಬೆಂಬಲ ಬೇಕಾದವರ ದಾಖಲಾತಿ. ನಿರ್ಧಾರ ತೆಗೆದುಕೊಳ್ಳುವ ಸ್ಥಿತಿಯಲ್ಲಿ ಇಲ್ಲದವರಿಗಾಗಿ ಅವರ ಪರವಾಗಿ ಮಾತಾಡುವ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು, ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ತನಗೆ ತಾನೇ ಹಾನಿ ಮಾಡಿಕೊಳ್ಳುವ, ಇತರರಿಗೆ ಹಾನಿ ಮಾಡುವ, ಇಲ್ಲವೆ ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ಹದಗೆಟ್ಟ ಸ್ಥಿತಿ ಇರಬೇಕು. ಇದರ ಅವಧಿ 30 ದಿನ ಮೀರುವಂತಿಲ್ಲ. ಮುಂದುವರಿಸಬೇಕಾದರೆ ಇಬ್ಬರು ಮನೋವೈದ್ಯರ ಅಭಿಪ್ರಾಯ ಬೇಕು, ಜಿಲ್ಲಾ ಮಟ್ಟದಲ್ಲಿ ರಚಿಸುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಒಪ್ಪಿಗೆಯೂ ಬೇಕು. ಈ ಬಗೆಯ ದಾಖಲಾತಿಯನ್ನು ಆಸ್ಪತ್ರೆ ಮಂಡಳಿಗೆ ತಿಳಿಸಲೇಬೇಕು. ಮಹಿಳೆಯರ ಮತ್ತು ಅಪ್ರಾಪ್ತರ ವಿಷಯದಲ್ಲಿ ಅದಕ್ಕೆ 3 ದಿನ, ಉಳಿದವರ ವಿಷಯದಲ್ಲಿ 7 ದಿನ ಗಡುವು. ದಾಖಲಾತಿ ಸರಿಯಲ್ಲವೆನಿಸಿದರೆ ರೋಗಿ ಅಥವಾ ಪ್ರತಿನಿಧಿ ಅದೇ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ಮೂರನೆಯದು ತುರ್ತು ಚಿಕಿತ್ಸೆ. ಜೀವಕ್ಕೆ ಅಪಾಯ ಒದಗಿದಾಗ ಯಾವುದೇ ನೋಂದಾಯಿತ ವೈದ್ಯರು ಗರಿಷ್ಠ 72 ಗಂಟೆಗಳವರೆಗೆ ಚಿಕಿತ್ಸೆ ಕೊಟ್ಟು ಹತ್ತಿರದ ಮನೋರೋಗ ಕೇಂದ್ರಕ್ಕೆ ಸಾಗಿಸಬಹುದು. ಪ್ರತಿನಿಧಿ ಸಿಗುವಂತಿದ್ದರೆ ಅವರ ಒಪ್ಪಿಗೆ ಪಡೆಯಬೇಕು.

ದಾರಿಯಲ್ಲಿ ಅಲೆಯುತ್ತಿರುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಇದು ಮನೆಯವರಿಗೆ ಮೊದಲೇ ಗೊತ್ತಿದ್ದರೆ ಠಾಣೆಯಲ್ಲಿ ಕೈಮುಗಿದು ಬೇಡುವ ಬದಲು ಕಾನೂನನ್ನೇ ನೆನಪಿಸಬಹುದು.

## ಮುಂಗಡ ನಿರ್ದೇಶನ ಎಂದರೇನು

ಕಾಯ್ದೆಯ 5ನೇ ಕಲಮು ವಯಸ್ಕರೆಲ್ಲರಿಗೂ ಮುಂಗಡ ನಿರ್ದೇಶನ ಬರೆಯುವ ಹಕ್ಕು ಕೊಟ್ಟಿದೆ. ಹಿಂದೆ ಕಾಯಿಲೆ ಬಂದಿರಲಿ, ಬಾರದಿರಲಿ, ಯಾರೂ ಬರೆಯಬಹುದು. ಮುಂದೆಂದಾದರೂ ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದಾಗ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು, ತನ್ನ ಪರವಾಗಿ ಮಾತಾಡುವವರು ಯಾರು ಎಂಬ ಮೂರು ಸಂಗತಿಗಳನ್ನು ಅದರಲ್ಲಿ ತಿಳಿಸಬಹುದು.

ಮನಸ್ಸು ಸರಿಯಿರುವಷ್ಟು ದಿನ ಆ ಕಾಗದ ಸುಮ್ಮನೆ ಮಲಗಿರುತ್ತದೆ. ನಿರ್ಧರಿಸುವ ಸಾಮರ್ಥ್ಯ ಹೋದಾಗ ಜೀವ ಪಡೆಯುತ್ತದೆ, ಸಾಮರ್ಥ್ಯ ಮರಳಿದ ಕೂಡಲೇ ಮತ್ತೆ ಮಲಗುತ್ತದೆ. ತಿಳಿಯಾದ ಮನಸ್ಸಿನಿಂದ ಇವತ್ತು ಆಡುವ ಮಾತು ಹಿಂದೆ ಬರೆದಿಟ್ಟದ್ದಕ್ಕಿಂತ ಯಾವಾಗಲೂ ದೊಡ್ಡದು. ಎಷ್ಟು ಸಲ ಬೇಕಾದರೂ ತಿದ್ದಬಹುದು, ರದ್ದು ಮಾಡಬಹುದು.

ಇದನ್ನು ನಿಗದಿತ ಕ್ರಮದಲ್ಲಿ ಬರೆದು, ಸಾಕ್ಷಿಗಳ ಮುಂದೆ ಸಹಿ ಮಾಡಿ, ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬೇಕು. ಆಸ್ಪತ್ರೆಯ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಕೇಳಿದರೆ ಬರೆಯಲು ನೆರವಾಗುತ್ತಾರೆ. ಕಾಯ್ದೆಯ ಹಕ್ಕುಗಳನ್ನು ಪಡೆಯಲು ತೊಡಕಾದರೆ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬೇಕು. ಬರೆದ ಕಾಗದವನ್ನು ವೈದ್ಯರ ಕೈಗೆ ತಲುಪಿಸುವ ಹೊಣೆ ಬರೆದವರದು ಮತ್ತು ಪ್ರತಿನಿಧಿಯದು. ಪ್ರತಿ ಸಿಗದೆ ವೈದ್ಯರು ಅದನ್ನು ಪಾಲಿಸದಿದ್ದರೆ ಅವರನ್ನು ಹೊಣೆ ಮಾಡುವಂತಿಲ್ಲ. ಆದ್ದರಿಂದ ಬೀರುವಿನ ಒಳಖಾನೆಯಲ್ಲಿ ಭದ್ರವಾಗಿ ಬೀಗ ಹಾಕಿಟ್ಟರೆ ಪ್ರಯೋಜನವಿಲ್ಲ. ಒಂದು ಪ್ರತಿ ಆಸ್ಪತ್ರೆಯ ಫೈಲಿನಲ್ಲಿರಲಿ, ಒಂದು ಪ್ರತಿನಿಧಿಯ ಕೈಯಲ್ಲಿರಲಿ, ಇನ್ನೊಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿರಲಿ. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದೂ ಒಳ್ಳೆಯದು.

## ಬರೆಯುವುದು ಹೇಗೆ

ಬರೀ “ಬೇಡ” ಎಂದು ಬರೆದರೆ ಓದುವ ವೈದ್ಯರಿಗೆ ದಾರಿ ಕಾಣುವುದಿಲ್ಲ. “ಇಂಜೆಕ್ಷನ್ ಬೇಡ” ಎಂಬ ಒಂದೇ ಸಾಲಿಗೂ, “ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟಾಗ ನನ್ನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು ನರಳಿದ್ದೇನೆ, ಬೇರೆ ಔಷಧ ಇದ್ದರೆ ಅದನ್ನು ಕೊಡಿ” ಎಂಬ ಮಾತಿಗೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಕಾರಣವಿದೆ, ಪರ್ಯಾಯವಿದೆ. ರಾತ್ರಿ ಪಾಳಿಯ ಹೊಸ ವೈದ್ಯರಿಗೂ ಅದು ತಕ್ಷಣ ಅರ್ಥವಾಗುತ್ತದೆ.

ಇಸಿಟಿ, ಅಂದರೆ ವಿದ್ಯುತ್ ಕಂಪನ ಚಿಕಿತ್ಸೆಯ ಬಗ್ಗೆ ಸ್ಪಷ್ಟವಾಗಿ ಬರೆಯಿರಿ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ಇಸಿಟಿ ಮಾಡುವುದನ್ನು ಕಾಯ್ದೆ ನಿಷೇಧಿಸಿದೆ, ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಯಾವ ಬಗೆಯ ಇಸಿಟಿಯನ್ನೂ ಕೊಡುವಂತಿಲ್ಲ. ಆದರೆ ತೀವ್ರ ಖಿನ್ನತೆಯಲ್ಲಿ ಇಸಿಟಿಯಿಂದಲೇ ಬೇಗ ಚೇತರಿಸಿಕೊಂಡವರಿದ್ದಾರೆ. ಅಂಥವರು “ಹಿಂದೆ ನನಗೆ ಇದರಿಂದ ಗುಣವಾಗಿದೆ, ಬೇಕಾದರೆ ಮತ್ತೆ ಕೊಡಬಹುದು” ಎಂದು ಬರೆದಿಟ್ಟರೆ ಅದೂ ನಿರ್ದೇಶನವೇ. ಬೇಡವೆನ್ನುವವರು ಯಾಕೆಂದು ಬರೆಯಲಿ.

ಔಷಧದಾಚೆಯ ಸಂಗತಿಗಳೂ ಮುಖ್ಯ. ಸಿಟ್ಟು ಬಂದಾಗ ತನ್ನನ್ನು ಶಾಂತಗೊಳಿಸುವುದು ಯಾವುದು: ಒಂಟಿಯಾಗಿ ಕೂರುವುದೋ, ಓಡಾಡುವುದೋ, ರೇಡಿಯೊ ಕೇಳುವುದೋ, ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವುದೋ? ಯಾರು ನೋಡಲು ಬಂದರೆ ಸಮಾಧಾನ, ಯಾರು ಬಂದರೆ ಕಿರಿಕಿರಿ? ಮಹಿಳಾ ವೈದ್ಯರು ಬೇಕೆ? ಮಾತು ಯಾವ ಭಾಷೆಯಲ್ಲಿ ಆಗಬೇಕು? ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಮುಂಬಯಿಯಲ್ಲೋ ಚೆನ್ನೈಯಲ್ಲೋ ಇರುವ ಕನ್ನಡಿಗರು ಇದನ್ನು ಮರೆಯದೆ ಬರೆಯಬೇಕು. ಕಾಯಿಲೆ ಜಾಸ್ತಿಯಾದಾಗ ಕಲಿತ ಭಾಷೆ ಕೈಕೊಟ್ಟರೂ ತಾಯ್ನುಡಿ ಉಳಿದಿರುತ್ತದೆ.

## ನಿರ್ದೇಶನದ ಮಿತಿಗಳು

ಮುಂಗಡ ನಿರ್ದೇಶನ ತುರ್ತು ಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಜೀವ ಉಳಿಸಬೇಕಾದ ಗಳಿಗೆಯಲ್ಲಿ ವೈದ್ಯರು ಕಾಗದ ಹುಡುಕುತ್ತ ಕೂರಬೇಕಿಲ್ಲ. ಕಾನೂನಿಗೆ ವಿರುದ್ಧವಾದ ನಿರ್ದೇಶನಕ್ಕೆ ಬೆಲೆಯಿಲ್ಲ. ವೈದ್ಯರಾಗಲಿ, ಸಂಬಂಧಿಕರಾಗಲಿ ಅದನ್ನು ಪಾಲಿಸಲಾಗದೆಂದು ಭಾವಿಸಿದರೆ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬೇಕು; ತಾವೇ ಪಕ್ಕಕ್ಕಿಡುವಂತಿಲ್ಲ. ಅದನ್ನು ಸ್ವಂತ ಇಚ್ಛೆಯಿಂದ ಬರೆದದ್ದೇ, ವಿಷಯ ತಿಳಿದು ಬರೆದದ್ದೇ, ಈಗ ಒದಗಿರುವ ಸಂದರ್ಭವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದೇ ಎಂದು ಮಂಡಳಿ ನೋಡುತ್ತದೆ. “ಎಂದಿಗೂ ಆಸ್ಪತ್ರೆಗೆ ಸೇರಿಸಬೇಡಿ” ಎಂಬಂಥ ಸಾಲು ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಯಾವ ಸ್ಥಿತಿ ಬಂದರೆ ಸೇರಿಸಬೇಕು, ಯಾವ ಸ್ಥಿತಿಯವರೆಗೆ ಮನೆಯಲ್ಲೇ ನೋಡಿಕೊಳ್ಳಬಹುದು ಎಂಬ ಗೆರೆಯನ್ನು ತಾನೇ ಎಳೆದಿಟ್ಟವರ ಮಾತಿಗೆ ತೂಕ ಹೆಚ್ಚು.

## ಪ್ರತಿನಿಧಿಯ ಆಯ್ಕೆ

ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಒತ್ತಿ ನೇಮಿಸಬಹುದು. ಅವರು ವಯಸ್ಕರಾಗಿರಬೇಕು, ಹೊಣೆ ಹೊರಲು ಲಿಖಿತ ಒಪ್ಪಿಗೆ ಕೊಡಬೇಕು. ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಯಾರನ್ನೂ ನೇಮಿಸದಿದ್ದರೆ ಸರದಿ ಮೊದಲು ಸಂಬಂಧಿಕರಿಗೆ, ಆಮೇಲೆ ನೋಡಿಕೊಳ್ಳುವವರಿಗೆ ಬರುತ್ತದೆ. ಗಂಡನ ಮನೆಯಲ್ಲಿ ಹಿಂಸೆ ಅನುಭವಿಸುವ ಹೆಣ್ಣುಮಗಳಿಗೆ, ಆಸ್ತಿ ತಗಾದೆಯಿರುವ ಕುಟುಂಬದವರಿಗೆ ಈ ಒಂದು ಹಾಳೆ ಬಹಳ ದೊಡ್ಡ ರಕ್ಷಣೆ. ತಂಗಿಯನ್ನೋ, ಗೆಳತಿಯನ್ನೋ, ನಂಬಿಕೆಯ ಸಹೋದ್ಯೋಗಿಯನ್ನೋ ಅವರು ಮೊದಲೇ ಹೆಸರಿಸಿಟ್ಟಿರಬಹುದು.

ಪ್ರತಿನಿಧಿಯ ಕೆಲಸ ಸಹಿ ಹಾಕುವುದರಲ್ಲೇ ಮುಗಿಯುವುದಿಲ್ಲ. ರೋಗಿಯ ಈಗಿನ ಮತ್ತು ಹಿಂದಿನ ಇಷ್ಟಾನಿಷ್ಟಗಳನ್ನು, ಬದುಕಿನ ರೀತಿಯನ್ನು ಗಮನದಲ್ಲಿಟ್ಟು ನಿರ್ಧಾರಕ್ಕೆ ನೆರವಾಗಬೇಕು. ಕಾಯಿಲೆಯ ವಿವರ ಕೇಳುವ, ಬಿಡುಗಡೆಯ ಯೋಜನೆಯಲ್ಲಿ ಭಾಗಿಯಾಗುವ, ಮಂಡಳಿಗೆ ಅರ್ಜಿ ಸಲ್ಲಿಸುವ ಅಧಿಕಾರ ಅವರಿಗಿದೆ. ಆಯ್ಕೆ ಮಾಡುವಾಗ “ನನ್ನನ್ನು ಯಾರು ಹೆಚ್ಚು ಪ್ರೀತಿಸುತ್ತಾರೆ” ಎಂಬುದಕ್ಕಿಂತ “ನಾನು ಕೂಗಾಡುತ್ತಿರುವಾಗಲೂ ನನ್ನ ಮಾತು ಕೇಳಿಸಿಕೊಳ್ಳುವವರು ಯಾರು” ಎಂದು ಕೇಳಿಕೊಳ್ಳುವುದು ಒಳಿತು. ಒಬ್ಬರು ಸಿಗದಿದ್ದರೆ ಇನ್ನೊಬ್ಬರಿರಲಿ ಎಂದು ಕ್ರಮವಾಗಿ ಎರಡು ಮೂರು ಹೆಸರು ಕೊಡಬಹುದು.

ವಾರ್ಡಿನಲ್ಲಿ ಜೊತೆಗಿರುವವರು ಯಾರೆಂಬುದು ಬೇರೆಯೇ ಪ್ರಶ್ನೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡರು. ವೆಲ್ಲೂರು ಮತ್ತು ಬೆಂಗಳೂರಿನಲ್ಲೂ ಕುಟುಂಬ ಸಮೇತ ಚಿಕಿತ್ಸೆಯ ವಾರ್ಡುಗಳು ಬೆಳೆದವು. ಇಂದಿಗೂ ನಮ್ಮ ಎಷ್ಟೋ ಆಸ್ಪತ್ರೆಗಳು ಅಟೆಂಡರ್ ಒಬ್ಬರು ಇರಲೇಬೇಕೆನ್ನುತ್ತವೆ. ಎರಡು ವಾರ ಕೆಲಸ ಬಿಟ್ಟು ಬರಬಲ್ಲವರು ಯಾರು, ಸರದಿ ಬದಲಿಸುವವರು ಯಾರು ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು.

## ಮುನ್ಸೂಚನೆಗಳ ಪಟ್ಟಿ

ಕಾಯಿಲೆ ಮರುಕಳಿಸುವ ಮುಂಚೆ ಒಬ್ಬೊಬ್ಬರಲ್ಲೂ ಅವರದೇ ಆದ ಸೂಚನೆಗಳು ಕಾಣುತ್ತವೆ. ಎರಡು ರಾತ್ರಿ ನಿದ್ದೆಯಿಲ್ಲದಿದ್ದರೂ ಆಯಾಸವಾಗದಿರುವುದು, ನಡುರಾತ್ರಿ ಹಳೆಯ ಸ್ನೇಹಿತರಿಗೆಲ್ಲ ಫೋನ್ ಮಾಡುವುದು, ಇದ್ದಕ್ಕಿದ್ದಂತೆ ಸಾಲ ಕೊಡುವುದು, ಅಮ್ಮ ಬಡಿಸಿದ ಅನ್ನವನ್ನೇ ಅನುಮಾನಿಸುವುದು, ಸ್ನಾನ ಬಿಡುವುದು, ಗುಟ್ಟಾಗಿ ಮಾತ್ರೆ ನಿಲ್ಲಿಸುವುದು, ಬಾಗಿಲು ಹಾಕಿಕೊಂಡು ಮಾತು ಕಡಿಮೆ ಮಾಡುವುದು. ಹಿಂದಿನ ಸಲ ಏನೇನು ಯಾವ ಕ್ರಮದಲ್ಲಿ ಆಯಿತೆಂದು ರೋಗಿ ಮತ್ತು ಮನೆಯವರು ಒಟ್ಟಿಗೆ ಕೂತು ನೆನಪು ಮಾಡಿಕೊಂಡು ಬರೆಯಬೇಕು. ಪ್ರತಿ ಸೂಚನೆಯ ಎದುರು ಮಾಡಬೇಕಾದದ್ದನ್ನೂ ಬರೆಯಿರಿ: ಎರಡು ರಾತ್ರಿ ನಿದ್ದೆ ಬಾರದಿದ್ದರೆ ವೈದ್ಯರಿಗೆ ಫೋನ್, ಮಾತ್ರೆ ನಿಂತಿದ್ದರೆ ಮರುದಿನವೇ ಒಪಿಡಿ. ಬೇಗ ಹಿಡಿದರೆ ಎಷ್ಟೋ ಸಲ ಆಸ್ಪತ್ರೆವಾಸವೇ ತಪ್ಪುತ್ತದೆ. ತಪ್ಪದಿದ್ದರೂ ತಾನೇ ನಡೆದು ಹೋಗಿ ಸಹಿ ಹಾಕಿ ಸೇರಬಹುದು.

ಸಾಯುವ ಯೋಚನೆ ಬಂದರೆ ಯಾರಿಗೆ ಹೇಳಬೇಕೆಂಬುದೂ ಈ ಪಟ್ಟಿಯಲ್ಲಿರಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆಂಬುಲೆನ್ಸಿಗೆ 108.

## ಔಷಧದ ವಿವರ

ಒಂದು ಹಾಳೆಯಲ್ಲಿ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು, ಅಲರ್ಜಿ, ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡಿನಂಥ ಇತರ ತೊಂದರೆಗಳು ಇರಲಿ. ಹಿಂದಿನ ಡಿಸ್ಚಾರ್ಜ್ ಸಾರಾಂಶವನ್ನು ಜೊತೆಗಿಡಿ. ಕೆಲವು ಔಷಧಗಳ ವಿಷಯದಲ್ಲಿ ಈ ಹಾಳೆ ಜೀವ ಉಳಿಸಬಲ್ಲದು. ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿಭೇದಿಯಾದರೆ, ನೀರಿನಂಶ ಕಡಿಮೆಯಾದರೆ, ಕೆಲವು ನೋವಿನ ಮಾತ್ರೆ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ಕಾಲ ತಪ್ಪಿದ್ದರೆ ಹಳೆಯ ಪ್ರಮಾಣವನ್ನು ಒಮ್ಮೆಲೇ ಕೊಡುವಂತಿಲ್ಲ. ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಬೇಕು. ಹಾಗಾಗಿ ಕೊನೆಯ ಮಾತ್ರೆ ಯಾವಾಗ ತೆಗೆದುಕೊಂಡಿದ್ದೆಂಬುದು ಮುಖ್ಯ. ದೀರ್ಘಕಾಲ ಕೆಲಸ ಮಾಡುವ ಇಂಜೆಕ್ಷನ್ನಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವ್ಯಾಲ್‌ಪ್ರೋಯೇಟ್ ಗರ್ಭದ ಮಗುವಿಗೆ ಹಾನಿ ಮಾಡುವುದರಿಂದ ಬಸಿರಿನ ಸಾಧ್ಯತೆಯಿದ್ದರೆ ಅದನ್ನೂ ಬರೆಯಬೇಕು.

## ಮನೆ, ಹಣ, ಚೀಲ

ಆಸ್ಪತ್ರೆಗೆ ಸೇರಲು ಒಪ್ಪದವರಲ್ಲಿ ಎಷ್ಟೋ ಮಂದಿಯನ್ನು ಹಿಡಿದಿಡುವುದು ಮನೆಯ ಚಿಂತೆ. ಮಗುವನ್ನು ಶಾಲೆಗೆ ಬಿಡುವವರು ಯಾರು, ಹಸುವಿನ ಹಾಲು ಕರೆಯುವವರು ಯಾರು, ತೋಟಕ್ಕೆ ನೀರು ಬಿಡುವವರು ಯಾರು, ಬಾಡಿಗೆ ಮತ್ತು ಸಾಲದ ಕಂತು ಕಟ್ಟುವವರು ಯಾರು? ಹೆಸರು, ಫೋನ್ ನಂಬರು ಸಮೇತ ಉತ್ತರ ಬರೆದಿದ್ದರೆ ಮನಸ್ಸಿನ ಭಾರ ಇಳಿಯುತ್ತದೆ. ಮಕ್ಕಳಿಗೆ ಏನು ಹೇಳಬೇಕು, ಕಚೇರಿಗೆ ಎಷ್ಟು ಹೇಳಬೇಕು, ಬೀದಿಯವರಿಗೆ ಏನೂ ಹೇಳಬೇಕಿಲ್ಲವೇ ಎಂಬುದನ್ನು ರೋಗಿಯೇ ನಿರ್ಧರಿಸಲಿ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಕಾಯ್ದೆ ಹೇಳುತ್ತದೆ. ತೀರಾ ಅಗತ್ಯ ಬಿದ್ದು ಬೇರ್ಪಡಿಸಿದರೆ ಮಗು ಯಾರ ಮಡಿಲಿಗೆ ಎಂಬುದನ್ನೂ ಯೋಚಿಸಿರಬೇಕು. ಉನ್ಮಾದದಲ್ಲಿ ಹಣ ಕಳೆದುಕೊಂಡ ಅನುಭವವಿರುವವರು ಬ್ಯಾಂಕಿನಲ್ಲಿ ಯುಪಿಐ ಮತ್ತು ಕಾರ್ಡಿನ ದೈನಿಕ ಮಿತಿಯನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ದೇಹದ ಕಾಯಿಲೆಗೆ ಸಿಗುವಂತೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಸಿಗಬೇಕೆಂದು ಕಾಯ್ದೆಯ 21ನೇ ಕಲಮು ಹೇಳುತ್ತದೆ. ಪಾಲಿಸಿಯ ಕಾಯುವಿಕೆ ಅವಧಿ, ಮಿತಿಗಳನ್ನು ಈಗಲೇ ಓದಿಕೊಳ್ಳಿ. ಸರ್ಕಾರಿ ಯೋಜನೆಯ ನೆರವು ಪಡೆಯುವವರು ಆಧಾರ್, ಪಡಿತರ ಚೀಟಿಯ ಪ್ರತಿಗಳನ್ನು ಫೈಲಿನಲ್ಲಿಡಿ.

ಚೀಲದಲ್ಲಿ ಸಡಿಲವಾದ ಹತ್ತಿ ಬಟ್ಟೆ, ಒಳ ಉಡುಪು, ಪ್ಯಾಡ್, ಕನ್ನಡಕ, ಚಪ್ಪಲಿ, ಸೋಪು, ಹಲ್ಲುಜ್ಜುವ ಬ್ರಷ್, ಒಂದು ಪುಸ್ತಕ ಇರಲಿ. ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದಿಡಿ. ಬ್ಲೇಡು, ಬೆಲ್ಟು, ಉದ್ದನೆಯ ಲಾಡಿ, ಗಾಜಿನ ಬಾಟಲಿಗಳನ್ನು ವಾರ್ಡಿನಲ್ಲಿ ಸುರಕ್ಷತೆಗಾಗಿ ತೆಗೆದಿಡುತ್ತಾರೆ. ಒಡವೆ ಮನೆಯಲ್ಲೇ ಇರಲಿ.

## ವಾರ್ಡಿನ ಒಳಗೆ ಉಳಿಯುವ ಹಕ್ಕುಗಳು

ದಾಖಲಾದ ಮಾತ್ರಕ್ಕೆ ಮನುಷ್ಯನ ಘನತೆ ಗೇಟಿನ ಹೊರಗೆ ಉಳಿಯುವುದಿಲ್ಲ. ಸರಪಳಿ ಹಾಕುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ನಿಷಿದ್ಧ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಬಯಸಿದರೆ ಸ್ವಂತ ಬಟ್ಟೆ ತೊಡಬಹುದು. ಫೋನಿನಲ್ಲಿ ಮಾತಾಡುವ, ಭೇಟಿಗೆ ಬಂದವರನ್ನು ನೋಡುವ ಅಥವಾ ನೋಡಲೊಲ್ಲೆ ಎನ್ನುವ, ತನ್ನ ವೈದ್ಯಕೀಯ ದಾಖಲೆ ಕೇಳುವ ಹಕ್ಕುಗಳಿವೆ. ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ, ಅಗತ್ಯವಿದ್ದಷ್ಟೇ ಹೊತ್ತು ಕಟ್ಟಿಹಾಕಬಹುದು. ಹಾಗೆ ಮಾಡಿದರೆ 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಬೇಕು. ಈ ಪಟ್ಟಿಯನ್ನು ಪ್ರತಿನಿಧಿ ಬಾಯಿಪಾಠ ಮಾಡಿಕೊಂಡಿರುವುದು ಒಳ್ಳೆಯದು.

## ಮನೆಗೆ ಮರಳುವ ದಿನ

ಸಿದ್ಧತೆಯ ಕಾಗದ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಬಾರದು. ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುತ್ತದೆ. ಕಾಯಿಲೆ ಪೂರ್ತಿ ಇಳಿದಿರುವುದಿಲ್ಲ, ಇದ್ದ ಕಾವಲು ಇಲ್ಲವಾಗಿರುತ್ತದೆ, ಎದುರಿಗೆ ನೆರೆಹೊರೆಯವರ ನೋಟ. ಆ ದಿನಗಳಲ್ಲಿ ಮಾತ್ರೆ ಕೊಡುವವರು ಯಾರು, ಮೊದಲ ಒಪಿಡಿ ಭೇಟಿ ಎಂದು, ಕೆಲಸಕ್ಕೆ ಯಾವಾಗ ಮತ್ತು ಎಷ್ಟು ಹೊತ್ತು ಮರಳುವುದು ಎಂಬುದನ್ನು ಬಿಡುಗಡೆಗೆ ಮುನ್ನವೇ ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು.

ಮುಂದಿನ ಚಿಕಿತ್ಸೆಗೆ ಪ್ರತಿ ತಿಂಗಳೂ ದೊಡ್ಡ ಮಾನಸಿಕ ಆಸ್ಪತ್ರೆಗಳಾದ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಬಸ್ಸು ಹತ್ತಬೇಕಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ನೋಡಿದ, ಊರಿನ ಹತ್ತಿರವೇ ಚಿಕಿತ್ಸೆ ಕೊಡುವ ಮಾದರಿಯ ಮೇಲೆಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂಬುದನ್ನು ಕೇಳಿ ಯೋಜನೆಯ ಹಾಳೆಯಲ್ಲೇ ಬರೆದಿಡಿ.

ಚೇತರಿಸಿಕೊಂಡ ಮೇಲೆ ಆ ಹಾಳೆಯನ್ನು ಮತ್ತೆ ತೆಗೆಯಬೇಕು. ಯಾವ ಸೂಚನೆಯನ್ನು ಮನೆಯವರು ಗುರುತಿಸಲಿಲ್ಲ, ಯಾವ ಔಷಧ ಒಗ್ಗಿತು, ಯಾರ ಮಾತು ನೋಯಿಸಿತು, ಯಾವ ನರ್ಸಿನ ಯಾವ ಮಾತು ಧೈರ್ಯ ಕೊಟ್ಟಿತು, ಎಲ್ಲ ಹಸಿಯಾಗಿ ನೆನಪಿರುವಾಗಲೇ ಸೇರಿಸಬೇಕು. ಏನೂ ಆಗದೆ ವರ್ಷ ಕಳೆದರೂ ಯುಗಾದಿಗೆ ಹೊಸ ಪಂಚಾಂಗ ತೆರೆಯುವ ದಿನ ಪ್ರತಿನಿಧಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಓದಿ, ಬದಲಾದ ಫೋನ್ ನಂಬರನ್ನೂ ಮಾತ್ರೆಯ ಪ್ರಮಾಣವನ್ನೂ ತಿದ್ದಿ, ಹೊಸ ದಿನಾಂಕ ಹಾಕಿಡಿ. ನಿರ್ದೇಶನದಲ್ಲೇ ಬದಲಾವಣೆ ಮಾಡಿದ್ದರೆ ಆಸ್ಪತ್ರೆಗೂ ಮಂಡಳಿಗೂ ಅದರ ಪ್ರತಿ ತಲುಪಿಸಲು ಮರೆಯಬೇಡಿ.